ಬಾದಾಮಿ: ಅಗಸ್ತ್ಯತೀರ್ಥದ ದಂಡೆ ಹಿಡಿದು ಒಂದು ಇಡೀ ದಿನ

ಬಾದಾಮಿಗೆ ಬರುವ ಹೆಚ್ಚಿನವರು ಬೆಳಿಗ್ಗೆ ಗಾಡಿಯಿಂದ ಇಳಿದು ನೇರ ಗುಹೆಗಳ ಮೆಟ್ಟಿಲು ಹತ್ತುತ್ತಾರೆ. ನಾಲ್ಕನ್ನೂ ಒಂದು ತಾಸಿನೊಳಗೆ ಮುಗಿಸಿ, ಮೇಲಿನಿಂದ ಕೆರೆಯದೊಂದು ಫೋಟೊ ತೆಗೆದು ಪಟ್ಟದಕಲ್ಲಿನ ದಾರಿ ಹಿಡಿಯುತ್ತಾರೆ. ಗುಹೆ ನೋಡಿದಂತಾಯಿತು, ಬಾದಾಮಿ ನೋಡಿದಂತಾಗಲಿಲ್ಲ. ಈ ಊರು ಹುಟ್ಟಿದ್ದು, ರಾಜಧಾನಿಯಾಗಿ ನಿಂತದ್ದು ಎರಡು ಗುಡ್ಡಗಳ ನಡುವೆ ನಿಂತ ಆ ನೀರಿನಿಂದ. ಗುಹೆ, ಕೋಟೆ, ಗುಡಿ, ಶಾಸನ ಎಲ್ಲವೂ ಅಗಸ್ತ್ಯತೀರ್ಥದ ದಂಡೆಯಲ್ಲೋ ಅದರ ಮೇಲಿನ ಬಂಡೆಗಳಲ್ಲೋ ಇವೆ. ಹಾಗಾಗಿ ಕೆರೆಯನ್ನೇ ನಡುವೆ ಇಟ್ಟುಕೊಂಡು, ಗಾಡಿ ಬಿಟ್ಟು ಕಾಲ್ನಡಿಗೆಯಲ್ಲಿ, ಬೆಳಗಿನಿಂದ ಸಂಜೆಯವರೆಗೆ ಇದನ್ನು ನೋಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ದಾರಿ ಕುದುರೆ ಲಾಳದ ಆಕಾರದ್ದು: ತೆಂಕಣ ಗುಡ್ಡದಲ್ಲಿ ಶುರುವಾಗಿ, ಪಶ್ಚಿಮದ ಏರಿ ಬಳಸಿ, ಬಡಗಣ ದಂಡೆ ಹಿಡಿದು ಪೂರ್ವದ ತುದಿಯ ಭೂತನಾಥ ಗುಡಿಗೆ ಮುಗಿಯುತ್ತದೆ.

ಹೊರಡುವ ಮುನ್ನ

ಅಕ್ಟೋಬರಿನಿಂದ ಫೆಬ್ರವರಿಯವರೆಗೆ ನಡೆಯಲು ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ, ಮರಳುಗಲ್ಲಿನ ಬಂಡೆ ಹಗಲೆಲ್ಲ ಕಾದು ಸಂಜೆಯಾದರೂ ಬಿಸಿ ಉಗುಳುತ್ತಿರುತ್ತದೆ. ಒಂದೇ ಒಂದು ಸಲ ಬರುವ ಅವಕಾಶವಿದ್ದರೆ ನಾನು ಹೇಳುವುದು ಮಳೆಗಾಲದ ಕೊನೆ. ಆಗ ಕೆರೆ ತುಂಬಿರುತ್ತದೆ, ಗುಡ್ಡದ ಮೇಲೆ ಹಸಿರಿರುತ್ತದೆ. ಜೋರು ಮಳೆ ಬಿದ್ದ ಬೆನ್ನಿಗೆ ಬಂದರಂತೂ ಬಂಡೆಯ ನೆತ್ತಿಯಿಂದ ಜೋಡಿಯಾಗಿ ಇಳಿಯುವ ಅಕ್ಕ-ತಂಗಿ ಜಲಪಾತವೂ ಕಾಣಸಿಗಬಹುದು. ಅದು ಮಳೆ ನೀರಿನ ಆಟ, ಮಳೆ ನಿಂತರೆ ಬೇಗ ಬತ್ತುತ್ತದೆ. ಅದೊಂದನ್ನೇ ನಂಬಿ ಬರಬೇಡಿ.

ವಾರದ ಲೆಕ್ಕವೂ ಮುಖ್ಯ. ಕೆರೆ ದಂಡೆಯ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಭಾನುವಾರ ಮತ್ತು ಡಿಸೆಂಬರಿನ ಶಾಲಾ ಪ್ರವಾಸದ ದಿನಗಳಲ್ಲಿ ಗುಹೆಗಳೊಳಗೆ ಕಾಲಿಡಲೂ ಜಾಗವಿರುವುದಿಲ್ಲ. ಮಂಗಳವಾರ, ಬುಧವಾರ ಬಂದರೆ ನೆಮ್ಮದಿ. ಟಿಕೆಟ್ ಕೌಂಟರ್ ಎಷ್ಟಕ್ಕೆ ತೆರೆಯುತ್ತದೆ ಎಂಬುದನ್ನು ಉಳಿದುಕೊಂಡ ಲಾಡ್ಜಿನಲ್ಲಿ ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ.

ಬೆಂಗಳೂರಿನಿಂದ ಬಾದಾಮಿ ಸುಮಾರು 450 ಕಿಲೋಮೀಟರ್. ರೈಲು ಒಳ್ಳೆಯದು: ಗೋಲಗುಂಬಜ್ ಎಕ್ಸ್‌ಪ್ರೆಸ್ ಗದಗದ ಮೇಲೆ ಬಂದು ಬಾದಾಮಿಯಲ್ಲಿ ನಿಲ್ಲುತ್ತದೆ. ಸ್ಟೇಷನ್ ಊರಿನಿಂದ ಸುಮಾರು 5 ಕಿಲೋಮೀಟರ್ ದೂರ, ಆಟೊ ಅಥವಾ ಟಂಟಂ ಹಿಡಿಯಬೇಕು. ಶೇರಿಂಗ್‌ನಲ್ಲಿ ಹೋಗುವ ಟಂಟಂ ಇದ್ದರೆ ಅದರಲ್ಲೇ ಕೂರಿ, ಊರಿನ ಸುದ್ದಿ ದಾರಿಯಲ್ಲೇ ಸಿಗುತ್ತದೆ. ವಿಮಾನದಲ್ಲಿ ಬರುವವರಿಗೆ ಹುಬ್ಬಳ್ಳಿ ಹತ್ತಿರ, ಅಲ್ಲಿಂದ ರಸ್ತೆಯಲ್ಲಿ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಬಾಗಲಕೋಟೆ, ಗದಗ, ಹುಬ್ಬಳ್ಳಿ ಕಡೆಯಿಂದ ಸಾರಿಗೆ ಬಸ್ಸುಗಳಿವೆ. ಉಳಿಯಲು ಬಸ್ ನಿಲ್ದಾಣದ ಸುತ್ತ ಲಾಡ್ಜುಗಳು, ಜೊತೆಗೆ ಸರ್ಕಾರದ ಮಯೂರ ಚಾಲುಕ್ಯ ಇದೆ. ಕೆರೆಗೆ ನಡೆದು ಹೋಗುವಷ್ಟು ಹತ್ತಿರದ ಕೋಣೆಯನ್ನೇ ಹುಡುಕಿ, ಬೆಳಗಿನ ಮೊದಲ ತಾಸು ಅದರಿಂದ ಉಳಿಯುತ್ತದೆ.

ಚೀಲದಲ್ಲಿ ಇರಬೇಕಾದ್ದು: ಹಿಡಿತವಿರುವ ಬೂಟು, ತಲೆಗೆ ಟೋಪಿ ಅಥವಾ ಟವೆಲ್, ಒಬ್ಬರಿಗೆ ಎರಡು ಲೀಟರ್ ನೀರು, ಒಂದು ಸಣ್ಣ ಟಾರ್ಚ್. ಟಾರ್ಚ್ ಯಾಕೆಂದರೆ ಗುಹೆಗಳ ಮಾಳಿಗೆಯಲ್ಲಿ, ಅಂದರೆ ತಲೆಯ ಮೇಲಿನ ಚಾವಣಿಯಲ್ಲಿ, ಇರುವ ಕೆತ್ತನೆ ಕತ್ತಲಲ್ಲಿ ಕಾಣುವುದೇ ಇಲ್ಲ. ಇರಬಾರದ್ದು: ಕೈಯಲ್ಲಿ ತಿಂಡಿ. ಇಲ್ಲಿನ ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸರಬರ ಸದ್ದು ಸಾಕು, ಬಾಳೆಹಣ್ಣು ಬಿಸ್ಕೀಟು ಮಾತ್ರವಲ್ಲ, ನೀರಿನ ಬಾಟಲಿ, ಕನ್ನಡಕವೂ ಹೋಗುತ್ತದೆ. ಎಲ್ಲವನ್ನೂ ಬೆನ್ನಿನ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆಯಿರಿ. ಮಂಗ ಎದುರಾದರೆ ಹಲ್ಲು ತೋರಿಸಿ ನಗಬೇಡಿ, ಓಡಬೇಡಿ, ಕಣ್ಣಿಗೆ ಕಣ್ಣಿಡದೆ ನಿಧಾನವಾಗಿ ಪಕ್ಕಕ್ಕೆ ಸರಿಯಿರಿ. ಮಕ್ಕಳ ಕೈ ಹಿಡಿದುಕೊಂಡಿರಿ.

ಮೊದಲ ಹೆಜ್ಜೆ: ಸೂರ್ಯ ಏರುವ ಮುನ್ನ ಏರಿಯ ಮೇಲೆ

ಗುಹೆಗೆ ಹೋಗುವ ಮೊದಲು ಕೆರೆಯ ಏರಿಗೆ ಬನ್ನಿ. ಊರು ಇರುವುದು ಕೆರೆಯ ಪಶ್ಚಿಮಕ್ಕೆ, ಓಣಿಗಳಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಏರಿಯ ಮೇಲೆ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಇಡೀ ದಿನದ ನಕ್ಷೆ ಕಣ್ಣೆದುರಿಗೆ ಹರಡಿಕೊಳ್ಳುತ್ತದೆ. ಬಲಗಡೆಯದು ತೆಂಕಣ ಗುಡ್ಡ, ಅದರ ಹೊಟ್ಟೆಯಲ್ಲಿ ಗುಹೆಗಳು, ನೆತ್ತಿಯಲ್ಲಿ ರಣಮಂಡಲ ಕೋಟೆ. ಎಡಗಡೆಯದು ಬಡಗಣ ಗುಡ್ಡ, ಅದು ಬಾವನ್ ಬಂಡೆ ಕೋಟೆ. ನಡುವೆ ನೀರು. ನೀರಿನ ಆಚೆ ತುದಿಯಲ್ಲಿ ಬಂಡೆಗೆ ಬೆನ್ನು ಕೊಟ್ಟು ನಿಂತಿರುವ ಸಣ್ಣ ಶಿಖರವೇ ಭೂತನಾಥ.

ಇದೇ ಜಾಗದಲ್ಲಿ ಹತ್ತು ನಿಮಿಷ ನಿಂತು ನೆಲದ ಇಳಿಜಾರನ್ನು ಗಮನಿಸಿ. ಮೂರು ಕಡೆ ಕಡಿದಾದ ಮರಳುಗಲ್ಲಿನ ಗೋಡೆ, ನಾಲ್ಕನೆಯ ಕಡೆ ಮಾತ್ರ ತೆರೆದ ಬಾಯಿ. ಗುಡ್ಡದ ಮೇಲೆ ಬಿದ್ದ ಮಳೆ ಕೊರಕಲುಗಳಲ್ಲಿ ಹರಿದು ಈ ಬೋಗುಣಿಗೆ ಇಳಿಯುತ್ತದೆ. ತೆರೆದ ಬಾಯಿಗೆ ಏರಿ ಕಟ್ಟಿದರೆ ನೀರು ನಿಂತಿತು. ಕೋಟೆಗೆ ಬೇಕಾದ ಎತ್ತರ, ಜನಕ್ಕೆ ಬೇಕಾದ ನೀರು, ಕೆತ್ತಲು ಮೆತ್ತಗೂ ನಿಲ್ಲಲು ಗಟ್ಟಿಯೂ ಆದ ಕಲ್ಲು, ಮೂರೂ ಒಂದೇ ಕಡೆ. ಒಂದನೆಯ ಪುಲಕೇಶಿ ಶಕ 465ರಲ್ಲಿ, ಅಂದರೆ 543ರಲ್ಲಿ, ವಾತಾಪಿಯ, ಅಂದರೆ ಇದೇ ಬಾದಾಮಿಯ, ಗುಡ್ಡವನ್ನು ಕೋಟೆಯಾಗಿ ಮಾಡಿದ ಸಂಗತಿಯನ್ನು ಬಡಗಣ ಗುಡ್ಡದ ಬಂಡೆಯೊಂದರ ಮೇಲೆ ಬರೆಸಿದ್ದಾನೆ. ಮೇಲಿನಿಂದಲೂ ಕೆಳಗಿನಿಂದಲೂ ಶತ್ರುವಿಗೆ ಎಟುಕದ ಕೋಟೆ ಎಂಬ ಅರ್ಥದ ಮಾತು ಅದರಲ್ಲಿದೆ. ಏರಿಯ ಮೇಲೆ ನಿಂತವರಿಗೆ ಆ ಮಾತು ಉತ್ಪ್ರೇಕ್ಷೆ ಅನಿಸುವುದಿಲ್ಲ. ಎರಡು ಶತಮಾನ ಚಾಲುಕ್ಯರು ಇಲ್ಲಿಂದಲೇ ಆಳಿದರು. ಹರ್ಷವರ್ಧನನನ್ನು ತಡೆದ ಇಮ್ಮಡಿ ಪುಲಕೇಶಿಯ ರಾಜಧಾನಿಯೂ ಇದೇ. ಕೊನೆಗೆ ಇದೇ ಊರು 642ರಲ್ಲಿ ಪಲ್ಲವ ನರಸಿಂಹವರ್ಮನ ಕೈ ಸೇರಿತು. ಅವನು 'ವಾತಾಪಿಕೊಂಡ' ಎಂದು ಬಿರುದು ಇಟ್ಟುಕೊಂಡ. ಒಂದನೆಯ ವಿಕ್ರಮಾದಿತ್ಯ ಅದನ್ನು ಮರಳಿ ಪಡೆಯಲು 655ರವರೆಗೆ ಕಾಯಬೇಕಾಯಿತು.

ಕೆರೆಯ ಹೆಸರಿನ ಹಿಂದಿನ ಕಥೆ ನಿಮಗೆ ಗೊತ್ತಿರುವುದೇ. ಇಲ್ವಲ, ವಾತಾಪಿ ಎಂಬ ಅಣ್ಣತಮ್ಮ ರಾಕ್ಷಸರು ಅತಿಥಿಗಳನ್ನು ಕೊಲ್ಲುತ್ತಿದ್ದ ಬಗೆ, ಅಗಸ್ತ್ಯರು 'ವಾತಾಪಿ ಜೀರ್ಣೋ ಭವ' ಎಂದು ಹೊಟ್ಟೆ ಸವರಿಕೊಂಡದ್ದು. ಮಕ್ಕಳು ಜೊತೆಗಿದ್ದರೆ ಇಲ್ಲೇ ಕೂತು ಹೇಳಿ, ಅಮೇಲೆ ದಿನವಿಡೀ ಅವರು ಗುಡ್ಡಗಳನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಬೆಳಿಗ್ಗೆ ಏರಿಯ ಮೆಟ್ಟಿಲುಗಳಲ್ಲಿ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿರುತ್ತಾರೆ. ಸೀರೆಯನ್ನು ಎತ್ತಿ ಕಲ್ಲಿಗೆ ಬಡಿದ ಸದ್ದು ಎದುರಿನ ಬಂಡೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಸೀರೆ ಮತ್ತೆ ಮೇಲೆದ್ದಿರುತ್ತದೆ. ದೂರದಿಂದ ನೋಡುವವರಿಗೆ ಕಣ್ಣಿಗೂ ಕಿವಿಗೂ ತಾಳ ತಪ್ಪಿದಂತಾಗುತ್ತದೆ. ಅವರ ಫೋಟೊ ತೆಗೆಯುವ ಆಸೆಯಾದರೆ ಮೊದಲು ಹತ್ತಿರ ಹೋಗಿ ಮಾತಾಡಿಸಿ. 'ಯಾವೂರ್ರೀ ಅಣ್ಣಾರ?' ಎಂದು ಅವರೇ ಕೇಳುತ್ತಾರೆ. ಬೇಡ ಅಂದರೆ ಬೇಡ. ಇದು ಅವರ ಮನೆಯ ಹಿತ್ತಲು. ಮೆಟ್ಟಿಲ ಮೇಲಿನ ಪಾಚಿ ಜಾರುತ್ತದೆ, ಒಣಗಿದ ಮೆಟ್ಟಿಲವರೆಗೆ ಮಾತ್ರ ಇಳಿಯಿರಿ. ಈಜಲು ಇಳಿಯಬೇಡಿ. ನೀರು ಹಸಿರಾಗಿದೆ, ತಳ ಕಾಣುವುದಿಲ್ಲ.

ಎರಡನೆಯ ಹೆಜ್ಜೆ: ಮೇಣಬಸದಿ

ಗುಹೆಗಳಿಗೆ ಊರವರು ಮೇಣಬಸದಿ ಎನ್ನುತ್ತಾರೆ. ಕೌಂಟರ್ ತೆರೆದ ಕೂಡಲೇ ಟಿಕೆಟ್ ಕೊಂಡು ಹತ್ತಿಬಿಡಿ. ನಮ್ಮವರಿಗೆ ಟಿಕೆಟ್ ದರ ಹೊರೆಯೇನಲ್ಲ, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಮೊದಲ ಒಂದೂವರೆ ತಾಸು ಗುಹೆಗಳಲ್ಲಿ ನೀವು ಮತ್ತು ಬಾವಲಿಗಳಷ್ಟೇ. ಗುಹೆಗಳು ಬಡಗು ದಿಕ್ಕಿಗೆ ಬಾಯಿ ತೆರೆದಿರುವುದರಿಂದ ಒಳಗೆ ನೇರ ಬಿಸಿಲು ಬೀಳುವುದು ಕಡಿಮೆ. ಎದುರಿನ ಅಂಗಳದಿಂದ ಪುಟಿದ ಬೆಳಕು ಮೆತ್ತಗೆ ಒಳಗೆ ಬರುತ್ತದೆ. ಕೆತ್ತನೆ ನೋಡಲು ಅದೇ ಸರಿಯಾದ ಬೆಳಕು, ಫ್ಲಾಶ್ ಬೇಡ.

ಒಂದನೆಯ ಗುಹೆಯಲ್ಲಿ ಒಳಗೆ ಹೋಗುವ ಮೊದಲೇ ನಿಲ್ಲಬೇಕು. ಹೊರಗೆ ಬಂಡೆಯಲ್ಲಿ ಹದಿನೆಂಟು ಕೈಯ ನಟರಾಜ ಇದ್ದಾನೆ. ಎದುರಿಗೆ ನಿಂತು ಒಂದು ಬಲಗೈ, ಅದಕ್ಕೆ ಜೋಡಿಯಾಗಿ ಒಂದು ಎಡಗೈ ಆರಿಸಿಕೊಂಡು, ಉಳಿದವನ್ನು ಕಣ್ಣಿನಲ್ಲೇ ಮರೆಮಾಡಿ ನೋಡಿ. ಒಂದು ಭಂಗಿ ಕಾಣುತ್ತದೆ. ಕೈ ಬದಲಿಸಿ, ಇನ್ನೊಂದು. ಒಂಬತ್ತು ಬಲಗೈ, ಒಂಬತ್ತು ಎಡಗೈ, ಒಟ್ಟು ಎಂಬತ್ತೊಂದು ಜೋಡಿ. ನೃತ್ಯ ಕಲಿತ ಮಕ್ಕಳಿಗೆ ಈ ಒಂದು ಕಲ್ಲಿನ ಮುಂದೆ ಅರ್ಧ ತಾಸು ಸಾಲದು. ಇನ್ನೊಂದು ಬದಿಯಲ್ಲಿ ದ್ವಾರಪಾಲಕನ ಕೆಳಗೆ ಎರಡು ಪ್ರಾಣಿಗಳು ಒಂದೇ ತಲೆ ಹಂಚಿಕೊಂಡಿವೆ: ಒಂದು ಕಡೆಯ ಮೈ ಮುಚ್ಚಿದರೆ ಆನೆ, ಇನ್ನೊಂದು ಕಡೆಯದನ್ನು ಮುಚ್ಚಿದರೆ ಎತ್ತು. ವರಾಂಡದ ಎರಡು ತುದಿಗಳಲ್ಲಿ ಹರಿಹರ, ಅರ್ಧನಾರೀಶ್ವರ. ಟಾರ್ಚ್ ಹಿಡಿದು ಮೇಲೆ ನೋಡಿದರೆ ಸುರುಳಿ ಸುತ್ತಿದ ನಾಗರಾಜ.

ಎರಡನೆಯದು ವಿಷ್ಣುವಿನದು, ಚಿಕ್ಕದು. ತ್ರಿವಿಕ್ರಮ, ವರಾಹ ನೋಡಿ, ಮಾಳಿಗೆಯಲ್ಲಿ ಚಕ್ರದ ಅರೆಗಳಂತೆ ಜೋಡಿಸಿದ ಮೀನುಗಳನ್ನು ತಪ್ಪಿಸಬೇಡಿ. ಎರಡು ಮತ್ತು ಮೂರರ ನಡುವೆ ಮನುಷ್ಯರು ಕೊರೆಯದ ಒಂದು ಸಹಜ ಗವಿ ಇದೆ, ಅಲ್ಲಿ ಬೌದ್ಧ ಶಿಲ್ಪದ ಕುರುಹಿದೆ. ಅಲ್ಲೇ ಮೇಲಿನ ರಣಮಂಡಲ ಕೋಟೆಗೆ ಹೋಗುವ ಕಡಿದಾದ ಮೆಟ್ಟಿಲ ದಾರಿಯೂ ಇದೆ, ಆದರೆ ಅದಕ್ಕೆ ಗೇಟು ಹಾಕಿ ಮುಚ್ಚಿದ್ದಾರೆ. ಬೇರೆ ಸಂದಿಯಿಂದ ಹತ್ತಿಸುತ್ತೇವೆ ಎಂದು ಯಾರಾದರೂ ಮುಂದೆ ಬಂದರೆ ಒಪ್ಪಬೇಡಿ. ಕಾಲು ಜಾರಿದರೆ ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲ.

ಸಮಯವನ್ನೆಲ್ಲ ಉಳಿಸಿಕೊಂಡು ಬರಬೇಕಾದ್ದು ಮೂರನೆಯ ಗುಹೆಗೆ. ಸುಮಾರು 70 ಅಡಿ ಅಗಲದ ಮುಖ, ಅದರ ಮುಂದೆ ಅಂಗಳ. ವರಾಂಡದಲ್ಲಿ ಶೇಷನ ಸುರುಳಿಯನ್ನೇ ಸಿಂಹಾಸನ ಮಾಡಿಕೊಂಡು ಕೂತ ವಿಷ್ಣು. ಮಲಗಿದ ವಿಷ್ಣುವನ್ನೇ ನೋಡಿ ಅಭ್ಯಾಸವಾದ ನಮಗೆ ಇದು ಬೇರೆಯೇ ಗಾಂಭೀರ್ಯ. ಭೂದೇವಿಯನ್ನು ಎತ್ತಿ ನಿಂತ ವರಾಹ, ಆರಾಮಾಗಿ ನಿಂತ ನರಸಿಂಹ, ಎಂಟು ಕೈಯ ವಿಷ್ಣು, ಹರಿಹರ, ತ್ರಿವಿಕ್ರಮ, ಎಲ್ಲರೂ ಆಳೆತ್ತರವನ್ನು ಮೀರಿದವರು. ದೊಡ್ಡ ಮೂರ್ತಿಗಳನ್ನು ನೋಡಿ ಮುಗಿಸಿದ ಮೇಲೆ ಕಂಬಗಳ ತಲೆಗೆ ಆತುಕೊಂಡ ಜೋಡಿಗಳನ್ನು ಒಂದೊಂದಾಗಿ ನೋಡಿ. ಮರದ ಕೆಳಗೆ ನಿಂತ ಗಂಡು ಹೆಣ್ಣು, ಒಬ್ಬರ ಭುಜದ ಮೇಲೆ ಒಬ್ಬರ ಕೈ. ಒಂದರ ಹಾಗೆ ಇನ್ನೊಂದಿಲ್ಲ. ಸೂರಿನ ಒಳಮೈಯಲ್ಲಿ ಬಣ್ಣದ ಚಿತ್ರಗಳ ಮಸುಕು ಉಳಿದಿದೆ, ಕಣ್ಣು ಹೊಂದಿಕೊಳ್ಳುವವರೆಗೆ ಕಾಯಬೇಕು.

ಈ ಗುಹೆಗೆ ತಾರೀಖಿದೆ. ಮಂಗಲೇಶ ತನ್ನ ಅಣ್ಣ ಒಂದನೆಯ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ, ಶಕ 500ರ ಕಾರ್ತಿಕ ಹುಣ್ಣಿಮೆಯಂದು, ಅಂದರೆ 578ರಲ್ಲಿ, ಇಲ್ಲಿ ವಿಷ್ಣುವನ್ನು ಪ್ರತಿಷ್ಠೆ ಮಾಡಿಸಿದ. ನಿತ್ಯ ಹದಿನಾರು ಮಂದಿ ಬ್ರಾಹ್ಮಣರ ಊಟಕ್ಕೂ, ಉಳಿದದ್ದರಲ್ಲಿ ಪರಿವ್ರಾಜಕರ ಊಟಕ್ಕೂ ಊರೊಂದನ್ನು ಬಿಟ್ಟುಕೊಟ್ಟ. ಅದು ಸಂಸ್ಕೃತ ಶಾಸನ. ಜೊತೆಗೆ ಅವನದೇ ಒಂದು ಕನ್ನಡ ಬರಹವಿದೆ, 'ಕಲ್ಮನೆಗೆ ಇತ್ತೊದು ಲಂಜಿಗೇಸರಂ' ಎಂದು. ಈ ಕಲ್ಲುಮನೆಗೆ ಲಂಜಿಗೇಸರ ಎಂಬ ಊರನ್ನು ಕೊಟ್ಟದ್ದು, ದೇವರಿಗೆ ಹೂಮಾಲೆ ಕಟ್ಟುವವರಿಗೆ ಅದರಲ್ಲಿ ಪಾಲು ಇಟ್ಟದ್ದು ಅದರ ವಿಷಯ. ದಾನವನ್ನು ಅಳಿಸಿದವನು ಏಳನೆಯ ನರಕದ ಹುಳುವಾಗಲಿ ಎಂಬ ಶಾಪವೂ ಸೇರಿದೆ. ನಮ್ಮ ಭಾಷೆಯ ತೀರ ಹಳೆಯ ಶಾಸನಗಳ ಸಾಲಿನಲ್ಲಿ ನಿಲ್ಲುವಂಥದ್ದು. ಹೂ ಕಟ್ಟುವವರ ಬದುಕನ್ನು ಒಬ್ಬ ಅರಸುಮನೆಯವನು ಕಲ್ಲಿನಲ್ಲಿ ಬರೆಸಿದ್ದನ್ನು ಕಂಡರೆ ನನಗೆ ಆ ದೊಡ್ಡ ವರಾಹನಿಗಿಂತ ಹೆಚ್ಚು ಹೆಮ್ಮೆಯಾಗುತ್ತದೆ.

ದಯವಿಟ್ಟು ಒಂದು ಮಾತು. ಈ ಕಲ್ಲು ಮರಳುಗಲ್ಲು. ಕೈ ಸವರಿದಲ್ಲೆಲ್ಲ ಬೆವರಿನ ಎಣ್ಣೆ ಕೂತು ಕಪ್ಪಾಗುತ್ತದೆ. ಕಂಬಗಳಿಗೆ ಒರಗುವುದು, ಮೂರ್ತಿಯ ಪಾದ ಮುಟ್ಟುವುದು ಬೇಡ. ಕೈ ಮುಗಿಯಲು ಮುಟ್ಟಬೇಕಾಗಿಲ್ಲ. ಹೆಸರು ಕೊರೆಯುವವರನ್ನು ಕಂಡರೆ ಸುಮ್ಮನಿರಬೇಡಿ, ಕಾವಲಿನವರಿಗೆ ಹೇಳಿ.

ನಾಲ್ಕನೆಯದು ಜೈನರದು, ಉಳಿದ ಮೂರಕ್ಕಿಂತ ತಡವಾಗಿ ಕೊರೆದದ್ದು, ಅಳತೆಯಲ್ಲಿ ಸಣ್ಣದು. ಬಳ್ಳಿ ಸುತ್ತಿಕೊಂಡ ಬಾಹುಬಲಿ, ಹಾವಿನ ಹೆಡೆಯ ಕೆಳಗೆ ಪಾರ್ಶ್ವನಾಥ, ಸುತ್ತ ಸಾಲುಸಾಲು ತೀರ್ಥಂಕರರು. ಶ್ರವಣಬೆಳಗೊಳದ ದೊಡ್ಡ ಮೂರ್ತಿ ನಿಲ್ಲುವುದಕ್ಕೆ ಬಹಳ ಹಿಂದಿನ ಬಾಹುಬಲಿ ಇದು. ಈ ಗುಹೆಯ ಮುಂದಿನ ಜಗಲಿಯಿಂದ ಕೆರೆ ಅತ್ಯಂತ ಚೆನ್ನಾಗಿ ಕಾಣುತ್ತದೆ. ಮಧ್ಯಾಹ್ನದ ನಂತರ ನೀವು ಹೋಗಬೇಕಾದ ದಾರಿಯನ್ನೆಲ್ಲ ಇಲ್ಲಿಂದಲೇ ಗುರುತು ಹಾಕಿಕೊಳ್ಳಿ.

ಮೂರನೆಯ ಹೆಜ್ಜೆ: ಓಣಿ, ಊಟ, ವಸ್ತುಸಂಗ್ರಹಾಲಯ

ಇಳಿದ ಮೇಲೆ ಗುಡ್ಡದ ಬುಡದಲ್ಲಿರುವ ಹಳೆಯ ಗೋರಿಯನ್ನು ದಾಟಿ ಊರೊಳಗಿನ ಓಣಿ ಹಿಡಿಯಿರಿ. ಬಾದಾಮಿ ಚಾಲುಕ್ಯರ ನಂತರ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ವಿಜಯನಗರ, ಆದಿಲ್‌ಶಾಹಿ, ಮರಾಠರು, ಟಿಪ್ಪು, ಹೀಗೆ ಹಲವರ ಕೈ ಬದಲಿಸಿತು. ಓಣಿಗಳಲ್ಲಿ ಅದರ ಗುರುತು ಹೆಜ್ಜೆಗೊಂದು ಸಿಗುತ್ತದೆ. ಮನೆಗಳ ನಡುವೆ ಸಿಕ್ಕಿಕೊಂಡಿರುವ ಜಂಬುಲಿಂಗ ಗುಡಿಯನ್ನು ಕೇಳಿಕೊಂಡು ಹೋಗಿ. 699ರಲ್ಲಿ ವಿಜಯಾದಿತ್ಯನ ತಾಯಿ ವಿನಯವತಿ ಕಟ್ಟಿಸಿದ್ದು, ಒಂದೇ ಮಂಟಪದ ಸುತ್ತ ಬ್ರಹ್ಮ, ವಿಷ್ಣು, ಮಹೇಶ್ವರರಿಗೆ ಮೂರು ಗರ್ಭಗುಡಿ. ಪ್ರವಾಸಿಗರು ಬರುವುದು ಕಡಿಮೆ, ಮಾಳಿಗೆಯ ಕೆತ್ತನೆ ಚೆನ್ನಾಗಿದೆ.

ಊಟಕ್ಕೆ ಖಾನಾವಳಿ ಹುಡುಕಿ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಬಿಸಿ ರೊಟ್ಟಿ ಬೇಕೋ ಕಡಕ್ ರೊಟ್ಟಿ ಬೇಕೋ ಎಂದು ಕೇಳಿದರೆ ಬಿಸಿಯದನ್ನೇ ಹೇಳಿ. ಹೊಟ್ಟೆ ತುಂಬ ಉಣ್ಣುವ ಮೊದಲು ಮುಂದೆ ಕೋಟೆ ಹತ್ತುವುದಿದೆ ಎಂಬುದು ನೆನಪಿರಲಿ.

ನಡುಹಗಲಿನ ಬಿಸಿಲಿಗೆ ವಸ್ತುಸಂಗ್ರಹಾಲಯವೇ ತಕ್ಕ ಜಾಗ. ಅದು ಕೆರೆಯ ಬಡಗಣ ದಂಡೆಯಲ್ಲಿ, ಕೋಟೆಯ ದಾರಿಯ ಬಾಯಲ್ಲೇ ಇದೆ. ಎರಡೂ ಮೈಗೆ ಕೆತ್ತಿದ ಮಕರತೋರಣವೊಂದಿದೆ, ಸುತ್ತು ಹಾಕಿ ಎರಡೂ ಕಡೆ ನೋಡಬೇಕು. ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಇಲ್ಲಿನ ಹೆಸರುವಾಸಿ ಮೂರ್ತಿ: ಮುಖದ ಜಾಗದಲ್ಲಿ ಅರಳಿದ ಕಮಲ, ಹೆರಿಗೆಗೆ ಕೂತ ತಾಯಿಯ ಭಂಗಿ. ಮಕ್ಕಳು ಪ್ರಶ್ನೆ ಕೇಳಿದರೆ ಮುಜುಗರಪಟ್ಟು ಎಳೆದುಕೊಂಡು ಹೋಗಬೇಡಿ, ಬೆಳೆ ಮತ್ತು ಸಂತಾನ ಕೊಡುವ ತಾಯಿ ಎಂದು ಜನ ಪೂಜಿಸುತ್ತಿದ್ದರು ಎಂದು ಹೇಳಿ, ಅವರಿಗೆ ಅರ್ಥವಾಗುತ್ತದೆ. ಸಿಡಿಲಫಡಿ ಎಂಬ ಆದಿಮಾನವರ ಬಂಡೆಗವಿಯ ಮಾದರಿಯನ್ನೂ ಒಳಗೆ ಮಾಡಿಟ್ಟಿದ್ದಾರೆ. ಫೋಟೊ ತೆಗೆಯುವ ಮುನ್ನ ಸಿಬ್ಬಂದಿಯನ್ನು ಕೇಳಿ.

ನಾಲ್ಕನೆಯ ಹೆಜ್ಜೆ: ಬಾವನ್ ಬಂಡೆ ಕೋಟೆ

ಚಳಿಗಾಲವಾದರೆ ಮಧ್ಯಾಹ್ನ ಮೂರರ ಸುಮಾರಿಗೆ ಹತ್ತಲು ಶುರುಮಾಡಿ. ಬೇಸಿಗೆಯಾದರೆ ಈ ಇಡೀ ಕ್ರಮವನ್ನು ತಿರುಗಿಸಿ: ಬೆಳಿಗ್ಗೆ ಮೊದಲು ಕೋಟೆ, ಬಿಸಿಲೇರಿದ ಮೇಲೆ ನೆರಳಿರುವ ಗುಹೆ. ಮಳೆ ಬಂದು ಮೆಟ್ಟಿಲು ತೊಯ್ದಿದ್ದರೆ ಎರಡು ಪಟ್ಟು ಎಚ್ಚರ.

ವಸ್ತುಸಂಗ್ರಹಾಲಯದ ಪಕ್ಕದ ದಾರಿ ಬಂಡೆಯ ಬಿರುಕಿನೊಳಗೆ ನುಗ್ಗುತ್ತದೆ. ಎರಡೂ ಬದಿ ಕೆಂಪು ಗೋಡೆ ನೆಟ್ಟಗೆ ಎದ್ದಿದೆ, ಮೇಲೆ ಆಕಾಶದ ಒಂದು ಪಟ್ಟಿ. ಗಾಳಿ ತಂಪಾಗುತ್ತದೆ, ನಮ್ಮದೇ ಹೆಜ್ಜೆಯ ಸದ್ದು ಹಿಂದಿನಿಂದ ಯಾರೋ ಬರುತ್ತಿರುವಂತೆ ಕೇಳುತ್ತದೆ. ಗೋಡೆಗೆ ಕೈಯಿಟ್ಟರೆ ಕಲ್ಲಿನ ಪದರಗಳು ಬೆರಳಿಗೆ ಸಿಗುತ್ತವೆ. ಇಲ್ಲಿ ಮುಟ್ಟಬಹುದು, ಕೆತ್ತನೆ ಇಲ್ಲದ ಸಹಜ ಬಂಡೆ ಇದು. ಶತ್ರು ಎಷ್ಟೇ ದೊಡ್ಡ ಸೈನ್ಯ ತಂದರೂ ಈ ಸಂದಿಯೊಳಗೆ ಅಕ್ಕಪಕ್ಕ ನಡೆಯಬಲ್ಲವರು ಕೆಲವೇ ಮಂದಿ. ಕೋಟೆ ಕಟ್ಟಿದವರ ಲೆಕ್ಕಾಚಾರ ಪುಸ್ತಕ ಓದದೆಯೂ ಮೈಗೆ ತಿಳಿಯುತ್ತದೆ.

ಮೊದಲು ಸಿಗುವುದು ಕೆಳಗಿನ ಶಿವಾಲಯ, ಗರ್ಭಗುಡಿಯ ಭಾಗವಷ್ಟೇ ನಿಂತಿದೆ. ಇನ್ನೂ ಮೇಲೆ ಹೋದರೆ ಮೇಲಿನ ಶಿವಾಲಯ. ಅದರ ಗೋಡೆಯಲ್ಲಿ ಗೋವರ್ಧನ ಎತ್ತಿದ ಕೃಷ್ಣನಿದ್ದಾನೆ, ಗುಡಿ ನಿಂತ ಪೀಠದ ಪಟ್ಟಿಯಲ್ಲಿ ರಾಮಾಯಣದ ಸನ್ನಿವೇಶಗಳಿವೆ. ಗಾಳಿಮಳೆಗೆ ಸವೆದರೂ ಗುರುತು ಹಿಡಿಯಬಹುದು. ಸುತ್ತ ಬುರುಜು, ಕಣಜಗಳು. ಅಂಚಿಗೆ ಕಂಬಿ ಇಲ್ಲದ ಜಾಗಗಳಿವೆ. ಸೆಲ್ಫಿಗಾಗಿ ಹಿಂದೆ ಹಿಂದೆ ಸರಿಯುವ ಅಭ್ಯಾಸವನ್ನು ಕೆಳಗೇ ಬಿಟ್ಟು ಬನ್ನಿ.

ಮಾಲೆಗಿತ್ತಿ ಶಿವಾಲಯ ಬೇರೆ ಬಂಡೆಯ ಮೇಲಿದೆ, ದಾರಿಯೂ ಬೇರೆ, ಊರ ಕಡೆಯಿಂದ ಹತ್ತಬೇಕು. ಮೂರು ಶಿವಾಲಯಗಳಲ್ಲಿ ಕಡಿಮೆ ಕೆಟ್ಟು ಉಳಿದದ್ದು ಇದೇ. ಒಂಟಿ ಬಂಡೆಯ ತಲೆಯ ಮೇಲೆ ಕೂತ ಪುಟ್ಟ ದ್ರಾವಿಡ ಶೈಲಿಯ ಗುಡಿ, ಒಂದು ಪಕ್ಕದ ಗೋಡೆಯಲ್ಲಿ ಶಿವ, ಇನ್ನೊಂದರಲ್ಲಿ ವಿಷ್ಣು. ಆರ್ಯಮಿಂಚಿ ಉಪಾಧ್ಯಾಯ ಎಂಬ ಶಿಲ್ಪಿಯ ಹೆಸರು ಇಲ್ಲಿನ ಬರಹದಲ್ಲಿದೆ. ಇದನ್ನು ಇದೇ ಮಧ್ಯಾಹ್ನದೊಳಗೆ ತುರುಕಲು ಹೋದರೆ ಭೂತನಾಥಕ್ಕೆ ಹೊತ್ತು ಸಾಲುವುದಿಲ್ಲ. ಮರುದಿನ ಬೆಳಗಿಗೆ ಇಟ್ಟುಕೊಳ್ಳಿ.

ಐದನೆಯ ಹೆಜ್ಜೆ: ಬಡಗಣ ದಂಡೆ, ಕಪ್ಪೆ ಅರಭಟ್ಟ, ಭೂತನಾಥ

ಕೋಟೆಯಿಂದ ಇಳಿದು ನೀರನ್ನು ಬಲಕ್ಕಿಟ್ಟುಕೊಂಡು ಪೂರ್ವಕ್ಕೆ ನಡೆಯಿರಿ. ದಾರಿಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಏರುವ ಶಿಖರಗಳ ಗುಂಪು ಸಿಗುತ್ತದೆ, ಅದು ಮಲ್ಲಿಕಾರ್ಜುನ, ಕಲ್ಯಾಣದ ಚಾಲುಕ್ಯರ ಕಾಲದ್ದು, 11ನೇ ಶತಮಾನದ ಸುಮಾರಿನದು. ಬೆಳಿಗ್ಗೆಯಿಂದ 6, 7ನೇ ಶತಮಾನದಲ್ಲಿದ್ದ ಕಣ್ಣಿಗೆ ಈ ಶಿಖರದ ಬದಲಾವಣೆ ಥಟ್ಟನೆ ಹೊಳೆಯುತ್ತದೆ.

ಕನ್ನಡ ಓದುವವರು ಯಾರೂ ತಪ್ಪಿಸಬಾರದ್ದು ಕೆರೆಯ ಈಶಾನ್ಯದ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ. ತಟ್ಟುಕೋಟೆಯ ಕಡೆ ಹೋಗಿ ಅಲ್ಲಿನ ಹಿರಿಯರನ್ನು 'ಅಜ್ಜಾರ, ಕಪ್ಪೆ ಅರಭಟ್ಟನ ಕಲ್ಲು ಎಲ್ಲೈತ್ರಿ?' ಎಂದು ಕೇಳಿ. ಸುಮಾರು 700ರ ಕಾಲದ್ದೆಂದು ವಿದ್ವಾಂಸರು ಹೇಳುವ ಈ ಬರಹದಲ್ಲಿ ಕನ್ನಡದ ತ್ರಿಪದಿ ಮೊದಲ ಸಲ ಕಾಣಿಸುತ್ತದೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಸವಿಯಾಗಿ ನಡೆದುಕೊಂಡವರಿಗೆ ಸವಿ, ಕಾಡಿಸುವ ಕಲಿಗೆ ಕಲಿಯುಗವೇ ತಿರುಗಿಬಿದ್ದಂಥವನು, ಇವನು ಮಾಧವನೇ, ಬೇರೆಯವನಲ್ಲ. ಅರಸನಿಂದಲ್ಲದೆ ಒಬ್ಬ ವೀರನ ಗುಣದಿಂದ ಹುಟ್ಟಿದ ಹಾಡು. ಬೀಸುವ ಕಲ್ಲಿನ ಮುಂದೆ ನಮ್ಮ ಅಜ್ಜಿಯಂದಿರು ಹಾಡುತ್ತಿದ್ದ ಧಾಟಿ ಈ ಮೂರು ಸಾಲಿನೊಳಗೆ ಆಗಲೇ ಇದೆ. ಬಂಡೆಯ ಮುಂದೆ ನಿಂತು ಇದನ್ನು ಗಟ್ಟಿಯಾಗಿ ಓದಿ. ಇದಕ್ಕಾಗಿಯೇ ಬಾದಾಮಿಗೆ ಬಂದರೂ ಬಂದದ್ದು ಸಾರ್ಥಕ ಎನ್ನುತ್ತೇನೆ. ಅಕ್ಷರಗಳ ಮೇಲೆ ಸೀಮೆಸುಣ್ಣ ಉಜ್ಜಿ ಫೋಟೊ ತೆಗೆಯುವ ಕೆಲಸ ಮಾತ್ರ ಮಾಡಬೇಡಿ. ಓರೆ ಬೆಳಕು ಬಿದ್ದಾಗ ಅಕ್ಷರ ತಾನಾಗಿ ಎದ್ದು ಕಾಣುತ್ತದೆ.

ಭೂತನಾಥಕ್ಕೆ ಹೊತ್ತು ಮುಳುಗುವುದಕ್ಕೆ ಒಂದು ತಾಸು ಮೊದಲು ತಲುಪಿ. ಗುಡಿಯ ಮುಖ ಕೆರೆಯ ಕಡೆಗೆ, ಪಶ್ಚಿಮಕ್ಕೆ. ಸಂಜೆಯ ಬೆಳಕು ನೀರಿನ ಮೇಲಿಂದ ನೇರ ಮಂಟಪದೊಳಗೆ ಬರುತ್ತದೆ, ಬೆನ್ನಿನ ಬಂಡೆ ಕೆಂಪಾಗುತ್ತದೆ. ಫೋಟೊ ತೆಗೆಯುವವರು ಗುಡಿಯೊಳಗೇ ನಿಲ್ಲದೆ ದಂಡೆಯಲ್ಲಿ ಸ್ವಲ್ಪ ಹಿಂದಕ್ಕೆ ಬನ್ನಿ, ಗುಡಿ ಮತ್ತು ನೀರಿನಲ್ಲಿ ಬಿದ್ದ ಅದರ ನೆರಳು ಎರಡೂ ಚೌಕಟ್ಟಿಗೆ ಸಿಗುತ್ತವೆ. ಒಳಗಿನ ಗರ್ಭಗುಡಿ, ಮಂಟಪ ಬಾದಾಮಿ ಚಾಲುಕ್ಯರವು. ನೀರಿಗೆ ಚಾಚಿಕೊಂಡ ಹೊರಮಂಟಪ ಆಮೇಲೆ ಸೇರಿದ್ದು. ಕಂಬಗಳ ದಪ್ಪ, ಕಡೆದ ಬಗೆ ಹೋಲಿಸಿದರೆ ಹೊಲಿಗೆ ಎಲ್ಲಿದೆ ಎಂದು ನೀವೇ ಕಂಡುಹಿಡಿಯಬಹುದು. ಬಾಗಿಲವಾಡದ ಬುಡದಲ್ಲಿ ಮೊಸಳೆಯ ಮೇಲೆ ಗಂಗೆ, ಆಮೆಯ ಮೇಲೆ ಯಮುನೆ.

ಗುಡಿಯ ಹಿಂದಕ್ಕೂ ಹೋಗಿ. ಬಿಡಿ ಬಂಡೆಗಳ ಮೈಯಲ್ಲಿ ತ್ರಿಮೂರ್ತಿಗಳು, ವರಾಹ, ಗಣಪತಿಯ ಉಬ್ಬುಗೆತ್ತನೆಗಳಿವೆ. ಬಂಡೆಯ ಸಂದಿಯ ಪುಟ್ಟ ಗುಡಿಯಲ್ಲಿ ಅನಂತಶಯನನಿದ್ದಾನೆ, ಮೇಲೆ ದಶಾವತಾರದ ಸಾಲು. ಅಲ್ಲೇ ಇನ್ನೊಂದು ಗವಿಯಲ್ಲಿ ಕೂತ ಮೂರ್ತಿಗೆ ಊರವರು ಕೋಷ್ಟರಾಯ ಎನ್ನುತ್ತಾರೆ. ಕುಷ್ಠ ಹತ್ತಿದ ಅರಸನೊಬ್ಬ ಈ ಕೆರೆಯಲ್ಲಿ ಮಿಂದು ವಾಸಿಯಾದ ಎಂಬ ಕಥೆ. ಆ ಮೂರ್ತಿ ಬುದ್ಧನೋ ಜಿನನೋ ಎಂದು ತಿಳಿದವರು ಚರ್ಚಿಸುತ್ತಾರೆ. ಜನ ಮಾತ್ರ ಅದನ್ನು ನೀರಿನ ಗುಣಕ್ಕೆ ಸಾಕ್ಷಿಯಾಗಿ ಇಟ್ಟುಕೊಂಡಿದ್ದಾರೆ. ಅಂಥ ನೀರಿಗೆ ಇವತ್ತು ಚಿಪ್ಸ್ ಪೊಟ್ಟಣ, ಪೂಜೆಯ ಪ್ಲಾಸ್ಟಿಕ್ ಬೀಳುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಕಸ ನಿಮ್ಮ ಬ್ಯಾಗಿನಲ್ಲೇ ಊರಿಗೆ ಬರಲಿ. ಮರಳುವ ದಾರಿ ಬಂ‌ದದ್ದೇ, ಬಡಗಣ ದಂಡೆ. ಕತ್ತಲಾಗುವ ಮೊದಲೇ ಹೊರಡಿ, ಟಾರ್ಚ್ ಆಗಲೂ ಬೇಕಾಗುತ್ತದೆ.

ಇನ್ನೊಂದು ದಿನವಿದ್ದರೆ

ಮರುದಿನ ಬೆಳಿಗ್ಗೆ ಮಾಲೆಗಿತ್ತಿ ಮುಗಿಸಿ, 5 ಕಿಲೋಮೀಟರ್ ದೂರದ ಬನಶಂಕರಿಗೆ ಹೋಗಿ. ಸುತ್ತ ಕಲ್ಲಿನ ಕೈಸಾಲೆ ಇರುವ ಹೊಂಡ ಅಲ್ಲಿದೆ. ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ, ಸಾಮಾನ್ಯವಾಗಿ ಜನವರಿಯಲ್ಲಿ, ಬಾದಾಮಿಯಲ್ಲಿ ಕೋಣೆ ಸಿಗುವುದೇ ಕಷ್ಟ, ಅದನ್ನು ನೋಡಿಕೊಂಡು ಬನ್ನಿ. ಅಲ್ಲಿಂದ ಮಹಾಕೂಟ: ಬುಗ್ಗೆಯ ನೀರು ತುಂಬಿದ ಪುಷ್ಕರಣಿ, ಸುತ್ತ ಒತ್ತೊತ್ತಾಗಿ ಗುಡಿಗಳು. ಮಂಗಲೇಶನ ಶಾಸನವಿದ್ದ ಇಲ್ಲಿನ ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ನಡೆಯಬಲ್ಲವರು ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲಿನ ಕಾಲುದಾರಿಯಲ್ಲೇ ಹೋಗಬಹುದು. ಸಿಡಿಲಫಡಿಯ ಬಂಡೆಚಿತ್ರಗಳು ಆ ಕಡೆಯೇ. ಆದರೆ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳದೆ ಹೊರಡಬೇಡಿ, ಗುಡ್ಡದ ಮೇಲೆ ಎಲ್ಲ ದಾರಿಯೂ ಒಂದೇ ಥರ ಕಾಣುತ್ತದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಸುಮಾರು 22 ಕಿಲೋಮೀಟರ್. ಐಹೊಳೆ ಅದರಾಚೆ, 634ರ ರವಿಕೀರ್ತಿಯ ಶಾಸನವಿರುವ ಮೇಗುತಿ ಗುಡ್ಡ ಅಲ್ಲಿಯದೇ. ಎರಡಕ್ಕೂ ಸೇರಿ ಒಂದು ದಿನ ಬೇರೆಯೇ ಬೇಕು.

ಬನಶಂಕರಿ ಗುಡಿಯ ಮುಂದೆ ತಲೆಯ ಮೇಲೆ ಬುಟ್ಟಿ ಹೊತ್ತ ಅವ್ವಂದಿರು 'ಬರ್ರಿ ತಮ್ಮಾ, ರೊಟ್ಟಿ ಉಣ್ಣ ಬರ್ರಿ' ಎಂದು ಕರೆಯುತ್ತಾರೆ. ಮನೆಯಲ್ಲಿ ಬಡಿದು ತಂದ ರೊಟ್ಟಿ, ಪಲ್ಯ, ಚಟ್ನಿ, ಗಟ್ಟಿ ಮೊಸರು. ಚಿಲ್ಲರೆ ಇಟ್ಟುಕೊಂಡು ಹೋಗಿ, ಮರದ ನೆರಳು ಹಿಡಿದು ಕೂರಿ, ಬೆಲೆಯ ಚೌಕಾಶಿ ಮಾಡಬೇಡಿ.